ಕೇಳಲಾರದ ಓದುಗರಿಗಾಗಿ ಕೆಲವು ಪುಸ್ತಕಗಳು

(ಬಾನುಲಿ ಭಾಷಣ)

ಇವತ್ತಿನ ಮಾತಿನಲ್ಲಿ ಪುಸ್ತಕಗಳ ಹೆಸರುಗಳು ಹೆಚ್ಚು ಬರುತ್ತವೆ. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಶಂಕರಪುರ, ಬಂಟಕಲ್ಲು ಕಡೆ ಮಲ್ಲಿಗೆ ಕಟ್ಟುತ್ತ ರೇಡಿಯೊ ಕೇಳುತ್ತಿರುವವರು ಪಕ್ಕದಲ್ಲಿರುವ ಮಕ್ಕಳ ಕೈಯಲ್ಲಿ ಬರೆಸಿಕೊಳ್ಳಿ.

ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಊರೆಲ್ಲ ಹುಡುಗನೆಂದು ಕರೆದರೂ ತಾನು ಹುಡುಗಿಯೆಂದು ಒಳಗೇ ಬಲ್ಲ ಮಗು, ಗಂಡು, ಹೆಣ್ಣು ಎರಡರ ಲೆಕ್ಕಕ್ಕೂ ಸಿಗದೆ ತನ್ನ ರೀತಿಯಲ್ಲಿ ಬದುಕುವ ಜೀವ. ಇಂಥವರು ನಡುಮಧ್ಯೆ ನಿಂತಿರುವ ಕಥೆ, ಕಾದಂಬರಿ, ನಾಟಕಗಳನ್ನು ನಿಮಗೆ ಪರಿಚಯ ಮಾಡಿಕೊಡಬೇಕೆಂದು ಬಂದಿದ್ದೇನೆ. ಮಕ್ಕಳಿಗೆ ಯಾವುದು, ಹೈಸ್ಕೂಲು, ಕಾಲೇಜಿನವರಿಗೆ ಯಾವುದು, ದೊಡ್ಡವರಿಗೆ ಯಾವುದು ಎಂದು ಬೇರೆ ಬೇರೆಯಾಗಿ ಹೇಳುತ್ತೇನೆ. ಅದಕ್ಕೆ ಮೊದಲು, ಈ ಪುಸ್ತಕಗಳು ನಮ್ಮ ಹಳ್ಳಿಗಳಿಗೆ ಯಾಕೆ ಬೇಕು ಎಂಬ ಮಾತು.

ನಮ್ಮ ಕರಾವಳಿಯ ಇನ್ನಂಜೆಯಂಥ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ರಿಕ್ಷಾ ಹತ್ತಿದರೆ ಯಾರ ಮನೆಯ ಮಾಣಿ ಎಂದು ಗೊತ್ತು, ಬಸ್ಸು ಇಳಿದರೆ ಯಾರ ಮಗಳು ಎಂದು ಗೊತ್ತು. ಕಷ್ಟಕಾಲದಲ್ಲಿ ಈ ಪರಿಚಯ ಕೈಹಿಡಿದು ಕಾಪಾಡುತ್ತದೆ. ಆದರೆ ತನ್ನ ಬಗ್ಗೆ ತನಗೇ ಒಂದು ಪ್ರಶ್ನೆ ಎದ್ದಿರುವ ಹದಿನಾರರ ಹುಡುಗನಿಗೆ ಅದೇ ಪರಿಚಯ ಬಾಯಿ ಕಟ್ಟುತ್ತದೆ. ‘ನನ್ನಂಥವರ ಬಗ್ಗೆ ಪುಸ್ತಕ ಇದೆಯಾ?’ ಎಂದು ಅವನು ಗ್ರಂಥಾಲಯದಲ್ಲಿ ಯಾರನ್ನು ಕೇಳಬೇಕು? ಕೇಳಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ ಎಂಬ ಹೆದರಿಕೆ ಅವನಿಗಿದೆ. ಆದ್ದರಿಂದ ಅವನು ಕೇಳುವುದಿಲ್ಲ. ಅವನು ಕೇಳಲಿಲ್ಲವೆಂದು ನಾವು ತರಿಸುವುದಿಲ್ಲ. ಯಾರೂ ಕೇಳುವವರಿಲ್ಲದ ಮೇಲೆ ಊರಿಗೆ ಇಂಥ ಪುಸ್ತಕ ಬೇಕಾಗಿಲ್ಲ ಎಂದು ತೀರ್ಮಾನವೂ ಆಗಿಬಿಡುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೆ: ಯಾರಿಗೆ ಈ ಪುಸ್ತಕ ತುಂಬ ಬೇಕೋ ಅವರು ಬಾಯಿಬಿಟ್ಟು ಕೇಳಲಾರರು, ಅವರ ಪರವಾಗಿ ಕೇಳಬೇಕಾದವರು ನಾವು.

‘ಇದೆಲ್ಲ ಪೇಟೆಯವರ, ಪರದೇಶದವರ ಸಂಗತಿ’ ಎನ್ನುವವರಿದ್ದಾರೆ. ನಮ್ಮ ಕರಾವಳಿಯವರು ಈ ಮಾತು ಹೇಳುವಂತಿಲ್ಲ. ‘ಭೀಷ್ಮ ವಿಜಯ’ ಪ್ರಸಂಗದ ಅಂಬೆಯ ಜತೆ ನಾವು ರಾತ್ರಿಯಿಡೀ ಕೂತು ಕಣ್ಣೀರು ಹಾಕಿದವರು. ಆ ಅಂಬೆಯೇ ಮುಂದಿನ ಜನ್ಮದಲ್ಲಿ ಹೆಣ್ಣಾಗಿ ಹುಟ್ಟಿ, ಗಂಡಾಗಿ ಬೆಳೆದು, ಸ್ಥೂಣಾಕರ್ಣನೆಂಬ ಯಕ್ಷನಿಂದ ಗಂಡುತನವನ್ನು ಪಡೆದು ಶಿಖಂಡಿಯಾಗಿ ಕುರುಕ್ಷೇತ್ರದಲ್ಲಿ ನಿಲ್ಲುತ್ತಾಳೆ. ವಿರಾಟನ ಅರಮನೆಯಲ್ಲಿ ಉತ್ತರೆಗೆ ನಾಟ್ಯ ಕಲಿಸಿದ ಬೃಹನ್ನಳೆಯನ್ನು ನಾವು ರಂಗಸ್ಥಳದಲ್ಲಿ ಕಂಡವರು. ತುಳುನಾಡಿನ ಗುತ್ತು, ಗರಡಿ, ಸ್ಥಾನಗಳಲ್ಲಿ ಗಂಡು ಹೆಣ್ಣು ಎರಡರ ಲಕ್ಷಣವನ್ನೂ ಒಂದೇ ಮೂರ್ತಿಯಲ್ಲಿ ಹೊತ್ತ ಜುಮಾದಿ ದೈವಕ್ಕೆ ಕೈಮುಗಿಯುತ್ತ ಬಂದವರು. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಜೈನ ಪರಂಪರೆಯನ್ನು ನೋಡಿ. ಅದರ ಶಾಸ್ತ್ರಗ್ರಂಥಗಳು ಸ್ತ್ರೀವೇದ, ಪುರುಷವೇದ, ನಪುಂಸಕವೇದ ಎಂದು ಮೂರು ಬಗೆಯನ್ನು ಹೇಳಿ, ದೇಹದ ಲಕ್ಷಣ ಬೇರೆ, ಒಳಗಿನ ಭಾವ ಬೇರೆ ಇರಬಹುದೆಂದು ಶತಮಾನಗಳ ಹಿಂದೆಯೇ ಚರ್ಚಿಸಿವೆ.

ಪುರಾಣದಲ್ಲಿ ಜಾಗ ಇದೆ ನಿಜ. ಆದರೆ ಶಿಖಂಡಿಗೆ ಕೈತಟ್ಟಿದ ಸಭೆಯಲ್ಲೇ ಕೂತಿರುವ ಹುಡುಗನನ್ನು ‘ಹೆಣ್ಣಿಗ’ ಎಂದು ಹಂಗಿಸುವುದು ನಿಂತಿಲ್ಲ. ದೇವರಿಗೂ ವೀರರಿಗೂ ಕೊಟ್ಟ ಮರ್ಯಾದೆಯನ್ನು ಪಕ್ಕದ ಮನೆಯವನಿಗೆ ಕೊಡಲು ನಮಗೆ ಅವನ ದಿನನಿತ್ಯದ ಕಥೆ ತಿಳಿದಿರಬೇಕು. ಅವನು ಬೆಳಿಗ್ಗೆ ಏನು ಅಡುಗೆ ಮಾಡಿದ, ಕೆಲಸದಲ್ಲಿ ಏನು ಸುಳ್ಳು ಹೇಳಿದ, ರಾತ್ರಿ ಯಾಕೆ ನಿದ್ದೆ ಬರಲಿಲ್ಲ? ಇದನ್ನು ಹೇಳುವುದು ಸಣ್ಣಕಥೆ, ಕಾದಂಬರಿಗಳ ಕೆಲಸ.

ಕನ್ನಡದಲ್ಲಿ ಆ ಕೆಲಸವನ್ನು ಧೈರ್ಯದಿಂದ ಮಾಡಿದ ಪುಸ್ತಕ ವಸುಧೇಂದ್ರ ಅವರ ‘ಮೋಹನಸ್ವಾಮಿ’. ನೀವು ಒಂದೇ ಪುಸ್ತಕ ಓದುವುದಾದರೆ ಇದನ್ನು ಓದಿ. ವಸುಧೇಂದ್ರ ಬಳ್ಳಾರಿ ಸೀಮೆಯ ಸಂಡೂರಿನವರು. ಎಂಜಿನಿಯರಿಂಗ್ ಓದಿದ್ದು ನಮ್ಮ ಪಕ್ಕದ ಸುರತ್ಕಲ್ಲಿನಲ್ಲಿ. ಮೋಹನಸ್ವಾಮಿಯ ಮೊದಲ ಕಥೆ ವಿವೇಕ ಶಾನಭಾಗರು ಸಂಪಾದಿಸುತ್ತಿದ್ದ ‘ದೇಶಕಾಲ’ ಪತ್ರಿಕೆಯಲ್ಲಿ ಬಂದಾಗ ಅದರ ಮೇಲೆ ಲೇಖಕರ ಸ್ವಂತ ಹೆಸರು ಇರಲಿಲ್ಲ; ಬೇರೊಂದು ಹೆಸರಿತ್ತು. ಆ ಹೊತ್ತಿಗಾಗಲೇ ಹೆಸರು ಮಾಡಿದ್ದ ಲೇಖಕನೂ ಮೊದಲು ಮರೆಯಲ್ಲಿ ನಿಂತೇ ಮಾತಾಡಬೇಕಾಯಿತು ಎಂದರೆ, ನಮ್ಮ ಹಳ್ಳಿಯ ಹುಡುಗನ ಅಂಜಿಕೆ ಎಷ್ಟು ಸಹಜ ಎಂದು ಯೋಚಿಸಿ. 2013ರಲ್ಲಿ ಇಡೀ ಸಂಕಲನ ವಸುಧೇಂದ್ರ ಅವರದೇ ಹೆಸರಿನಲ್ಲಿ ಬಂತು. ತಾನೂ ಸಲಿಂಗಪ್ರೇಮಿ ಎಂದು ಅವರು ಬಹಿರಂಗವಾಗಿ ಹೇಳಿಕೊಂಡರು. 2016ರಲ್ಲಿ ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದವೂ ಪ್ರಕಟವಾಯಿತು.

‘ಕಗ್ಗಂಟು’ ಕಥೆಯಲ್ಲಿ ಮೋಹನಸ್ವಾಮಿಯೊಡನೆ ಬಾಳುತ್ತಿದ್ದ ಕಾರ್ತಿಕ್ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಗಂಡಹೆಂಡಿರ ಸಂಬಂಧವಾಗಿದ್ದರೆ ಸಮಾಧಾನ ಹೇಳಲು ನೆಂಟರು ಬರುತ್ತಿದ್ದರು, ಹಿರಿಯರು ಕೂತು ಪಂಚಾಯಿತಿ ಮಾಡುತ್ತಿದ್ದರು. ಮೋಹನಸ್ವಾಮಿಯ ದುಃಖವನ್ನು ದುಃಖವೆಂದು ಒಪ್ಪಿಕೊಳ್ಳುವವರೇ ಇಲ್ಲ. ಮನೆಗೆ ಬಂದವರಿಗೆ ಅವನು ಬರೀ ಗೆಳೆಯ. ಸಂಕಲನದ ಉದ್ದಕ್ಕೂ ಅವನ ಬಾಲ್ಯ ಬರುತ್ತದೆ, ಶಾಲೆಯ ಅವಮಾನ ಬರುತ್ತದೆ, ತಾನು ಹೀಗಿರುವುದು ದೇವರ ಶಿಕ್ಷೆಯೇ ಎಂಬ ತಳಮಳ ಬರುತ್ತದೆ. ‘ತಗಣಿ’ಯಲ್ಲಿ ಹಳ್ಳಿಯ ಶಂಕರಗೌಡನಿಗೆ ಒದಗುವ ಗತಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ವಸುಧೇಂದ್ರ ನಮ್ಮನ್ನು ಅಲ್ಲಿಗೇ ಬಿಡುವುದಿಲ್ಲ. ಮೋಹನಸ್ವಾಮಿ ಕೊನೆಗೆ ಕಿಲಿಮಂಜಾರೋ ಪರ್ವತ ಹತ್ತಲು ಹೋಗುತ್ತಾನೆ. ಇಷ್ಟು ದಿನ ತಲೆತಗ್ಗಿಸಿ ನಡೆದವನು ಆಫ್ರಿಕಾದ ಅತಿ ಎತ್ತರದ ಬೆಟ್ಟದ ಮೇಲೆ ಕಾಲಿಡುವುದನ್ನು ಓದುವಾಗ ಎದೆ ತುಂಬಿ ಬರುತ್ತದೆ.

ಈ ಪುಸ್ತಕ ಹಾದುಬಂದ ಕಾಲವನ್ನೂ ನೆನಪಿಡಬೇಕು. 2009ರ ಜುಲೈ 2ರಂದು ದಿಲ್ಲಿ ಹೈಕೋರ್ಟು, ಒಪ್ಪಿಗೆಯಿಂದ ಕೂಡುವ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ‘ಮೋಹನಸ್ವಾಮಿ’ ಪ್ರಕಟವಾದ ವರ್ಷದಲ್ಲೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. 2014ರ ಏಪ್ರಿಲ್ 15ರಂದು ಅದೇ ನ್ಯಾಯಾಲಯ ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಇಂಥ ಪ್ರೀತಿಯನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಬಿಡಿಸಿತು. 2013ರಿಂದ 2018ರ ತನಕ ಸುಮಾರು ಐದು ವರ್ಷ ಕಾನೂನು ಅಪರಾಧಿ ಎಂದು ಕರೆದವನನ್ನು ಕನ್ನಡದ ಒಂದು ಪುಸ್ತಕ ಮನುಷ್ಯನೆಂದು ಕರೆಯುತ್ತಿತ್ತು. ಕನ್ನಡ ಓದುಗರಾದ ನಾವು ಇದಕ್ಕೆ ಹೆಮ್ಮೆಪಡಬೇಕು.

‘ಮೋಹನಸ್ವಾಮಿ’ಯ ಜತೆಗೆ ಮೂರು ಆತ್ಮಕಥೆಗಳನ್ನು ಓದಿ. ಕಟ್ಟುಕಥೆಗಳ ಪಟ್ಟಿಗೆ ಇವು ಸೇರುವುದಿಲ್ಲವಾದರೂ ಕಥೆಗಳ ಹಿಂದಿನ ನೆಲ ಇವುಗಳಲ್ಲಿದೆ. ಎ. ರೇವತಿ ಅವರ ‘ಬದುಕು ಬಯಲು’ ಮೊದಲನೆಯದು. ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಗಂಡಾಗಿ ಹುಟ್ಟಿ, ಹೆಣ್ಣಾಗಿ ಬಾಳಲು ಮನೆ ಬಿಟ್ಟವರ ಬದುಕು ಅದು. ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ. ಹೆಗ್ಗೋಡಿನ ‘ಜನಮನದಾಟ’ ತಂಡ ಇದನ್ನು ನಾಟಕವಾಗಿ ಊರೂರಿಗೆ ಒಯ್ದಿತು. ಎರಡನೆಯದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಅದನ್ನು ಆಧರಿಸಿ ಬಿ.ಎಸ್. ಲಿಂಗದೇವರು ಮಾಡಿದ ‘ನಾನು ಅವನಲ್ಲ... ಅವಳು’ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮೂರನೆಯದು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ, ಮಂಜಮ್ಮ ಜೋಗತಿ ಅವರ ‘ನಡುವೆ ಸುಳಿವ ಹೆಣ್ಣು’. ಭಿಕ್ಷೆ ಬೇಡಿ ಹೊಟ್ಟೆ ಹೊರೆದವರು ಎಲ್ಲಮ್ಮನ ಹಾಡು, ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಬಗೆಯನ್ನು ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರೂ ಓದಬೇಕು.

ನಾಟಕ ಓದುವವರಿಗೆ, ಅದರಲ್ಲೂ ಪತ್ತೇದಾರಿ ಕಥೆ ಇಷ್ಟಪಡುವವರಿಗೆ, ಬೆಂಗಳೂರಿನಲ್ಲಿ ಹುಟ್ಟಿದ ಮಹೇಶ್ ದತ್ತಾನಿ ಅವರ ‘ಸೆವೆನ್ ಸ್ಟೆಪ್ಸ್ ಅರೌಂಡ್ ದ ಫೈರ್’. ಅದು ಮೂಲದಲ್ಲಿ ಬಾನುಲಿ ನಾಟಕ. 1999ರಲ್ಲಿ ಬಿಬಿಸಿ ರೇಡಿಯೊದಲ್ಲಿ ಪ್ರಸಾರವಾಯಿತು. ಬೆಂಗಳೂರಿನಲ್ಲಿ ಕಮಲಾ ಎಂಬ ಹಿಜಡಾಳ ಕೊಲೆಯಾಗುತ್ತದೆ. ಪೊಲೀಸರು ಅವಳ ಜತೆಯವಳನ್ನೇ ಹಿಡಿದು ಒಳಗೆ ಹಾಕುತ್ತಾರೆ. ಪೊಲೀಸ್ ಅಧಿಕಾರಿಯ ಹೆಂಡತಿ ಉಮಾ, ಸಮಾಜಶಾಸ್ತ್ರದ ಸಂಶೋಧಕಿ, ಸತ್ಯ ಹುಡುಕಲು ಹೊರಡುತ್ತಾಳೆ. ಕೊಂದವರು ಯಾರು ಎಂಬ ಪ್ರಶ್ನೆಗಿಂತ, ಈ ಸಾವು ಯಾರಿಗೂ ಮುಖ್ಯವಾಗಲಿಲ್ಲವೇಕೆ ಎಂಬ ಪ್ರಶ್ನೆಯೇ ನಾಟಕ ಮುಗಿದ ಮೇಲೆ ಕಾಡುತ್ತದೆ. ಬರೀ ದನಿಯಲ್ಲಿ ಕೇಳಿಸಿಕೊಳ್ಳುವಾಗ ಮುಖ ನೋಡಿ, ಉಡುಪು ನೋಡಿ ಅಳೆಯುವ ನಮ್ಮ ಚಾಳಿಗೆ ಅವಕಾಶವೇ ಇಲ್ಲ. ನಮ್ಮ ಕಾಲೇಜುಗಳ ನಾಟಕ ತಂಡಗಳು ಇದನ್ನು ಕನ್ನಡದಲ್ಲಿ ಓದಿ ಕೇಳಿಸಬೇಕು ಎಂಬುದು ನನ್ನ ಆಸೆ.

ಇನ್ನು ನೆರೆಹೊರೆಯ ಭಾಷೆಗಳು. ಉರ್ದುವಿನಲ್ಲಿ ಇಸ್ಮತ್ ಚುಗ್ತಾಯಿ 1942ರಲ್ಲಿ ಬರೆದ ‘ಲಿಹಾಫ್’ ಕಥೆಯನ್ನು ದೊಡ್ಡವರು ಓದಲಿ. ಗಂಡನ ಕಡೆಗಣನೆಯಲ್ಲಿ ಒಣಗಿಹೋದ ಬೇಗಂ ಜಾನ್ ಮತ್ತು ಅವಳ ಸೇವಕಿ ರಬ್ಬೂ ಇವರ ನಂಟನ್ನು ಒಬ್ಬ ಪುಟ್ಟ ಹುಡುಗಿಯ ಕಣ್ಣಿನಿಂದ ಹೇಳಿದ ಕಥೆ. ಅಶ್ಲೀಲವೆಂದು ಲಾಹೋರಿನ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. ಚುಗ್ತಾಯಿ ಕ್ಷಮೆ ಕೇಳಲಿಲ್ಲ, ಗೆದ್ದು ಬಂದರು. ಕಾಸರಗೋಡು ದಾಟಿದರೆ ಸಿಗುವ ಮಲಯಾಳಂನಲ್ಲಿ ಮಾಧವಿಕುಟ್ಟಿ ಅವರ ‘ಚಂದನಮರಂಗಳ್’ ಎಂಬ ಕಿರುಕಾದಂಬರಿ ಇದೆ. ಇಬ್ಬರು ಹೆಂಗಸರ ನಡುವೆ ಹರೆಯದಲ್ಲಿ ಹುಟ್ಟಿ ಬದುಕಿಡೀ ಹಿಂಬಾಲಿಸುವ ಪ್ರೀತಿ ಅದರ ವಸ್ತು. ಮರಾಠಿಯಲ್ಲಿ ಸಚಿನ್ ಕುಂಡಲ್ಕರ್ ಅವರ ‘ಕೋಬಾಲ್ಟ್ ಬ್ಲೂ’ ಇದೆ. ಮನೆಗೆ ಬಾಡಿಗೆಗೆ ಬಂದ ಒಬ್ಬನೇ ಯುವಕನನ್ನು ಅಣ್ಣನೂ ತಂಗಿಯೂ ಒಬ್ಬರಿಗೊಬ್ಬರು ತಿಳಿಯದಂತೆ ಪ್ರೀತಿಸುತ್ತಾರೆ. ಅವನು ಹೊರಟುಹೋದ ಮೇಲೆ ತಂಗಿಯ ನೋವು ಮನೆಮಂದಿಗೆಲ್ಲ ಕಾಣುತ್ತದೆ. ಅಣ್ಣನ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ. ಜೆರ್ರಿ ಪಿಂಟೊ ಅವರ ಇಂಗ್ಲಿಷ್ ಅನುವಾದ ಸುಲಭವಾಗಿ ಓದಿಸಿಕೊಳ್ಳುತ್ತದೆ.

ಶ್ರೀಲಂಕಾದ ಶ್ಯಾಮ್ ಸೆಲ್ವದೊರೈ ಅವರ ‘ಫನ್ನಿ ಬಾಯ್’ 1994ರದು. ಕೊಲಂಬೊದ ತಮಿಳು ಕುಟುಂಬದ ಆರ್ಜಿ ಎಂಬ ಹುಡುಗ ಅಜ್ಜಿಮನೆಯಲ್ಲಿ ಸೇರುವ ಮಕ್ಕಳ ಮದುಮಗಳಾಟದಲ್ಲಿ ತಾನೇ ಸೀರೆ ಉಟ್ಟು ಮದುಮಗಳಾಗುತ್ತಾನೆ. ಒಂದು ದಿನ ದೊಡ್ಡವರ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಆಟ ನಿಲ್ಲುತ್ತದೆ. ಅವನು ಬೆಳೆಯುತ್ತಿರುವಾಗಲೇ 1983ರ ಗಲಭೆ ಬಂದು ತಮಿಳರ ಮನೆಗಳಿಗೆ ಬೆಂಕಿ ಬೀಳುತ್ತದೆ. ಒಬ್ಬನನ್ನು ‘ನಮ್ಮಂತಿಲ್ಲ’ ಎಂದು ದೂಡುವ ಮನಸ್ಸು ಮನೆಯೊಳಗೂ ದೇಶದೊಳಗೂ ಒಂದೇ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೆ ಕಾದಂಬರಿಯನ್ನು ನಾನು ಓದಿಲ್ಲ.

ಹದಿಹರೆಯದವರಿಗೆ ಸೆಲ್ವದೊರೈ ಅವರದೇ ‘ಸ್ವಿಮ್ಮಿಂಗ್ ಇನ್ ದ ಮಾನ್ಸೂನ್ ಸೀ’ ಇದೆ. ಅದರ ಹದಿನಾಲ್ಕರ ಅಮೃತ್ ಮಳೆಗಾಲದ ಕಡಲೂರಿನ ಹುಡುಗ. ಕಾಪು, ಪಡುಬಿದ್ರಿಯ ಮಕ್ಕಳಿಗೆ ಅವನ ಮಳೆ, ಅವನ ಸಮುದ್ರ ಅಪರಿಚಿತವಲ್ಲ. ಪಾಯಲ್ ಧರ್ ಅವರ ‘ಸ್ಲೈಟ್ಲಿ ಬರ್ನ್ಟ್’ನಲ್ಲಿ ತನ್ನ ಆಪ್ತ ಗೆಳೆಯ ಹುಡುಗರನ್ನು ಇಷ್ಟಪಡುವವನೆಂದು ತಿಳಿದ ಹುಡುಗಿ ಅದನ್ನು ಒಪ್ಪಿಕೊಳ್ಳಲು ಪಡುವ ಪಾಡಿದೆ. ಹಿಮಾಂಜಲಿ ಶಂಕರ್ ಅವರ ‘ಟಾಕಿಂಗ್ ಆಫ್ ಮುಸ್ಕಾನ್’ ಶಾಲೆಯೊಂದರ ಕಥೆ. ಹುಡುಗಿಯೊಬ್ಬಳು ಪ್ರಾಣ ಕಳೆದುಕೊಳ್ಳಲು ಹೊರಟದ್ದು ಯಾಕೆ ಎಂಬುದನ್ನು ಮೂವರು ಸಹಪಾಠಿಗಳು ಒಬ್ಬೊಬ್ಬರಾಗಿ ಹೇಳುತ್ತಾರೆ. ಇದನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗಬೇಡಿ, ಜತೆಗೂಡಿ ಓದಿ. ಮನಸ್ಸು ಭಾರವಾಗಿರುವ ಯಾರೇ ಆಗಲಿ, 14416ಕ್ಕೆ ಕರೆ ಮಾಡಬಹುದು. ‘ಟೆಲಿ ಮಾನಸ್’ ಎಂಬ ಈ ಸರಕಾರಿ ಸೇವೆಗೆ ಹಣ ಕೊಡಬೇಕಾಗಿಲ್ಲ.

ಚಿಕ್ಕ ಮಕ್ಕಳಿಗೆ ಚಿತ್ರಪುಸ್ತಕಗಳಿವೆ. ಕನಕ್ ಶಶಿ ಬರೆದ ‘ಗುಠ್ಲಿ ಹ್ಯಾಸ್ ವಿಂಗ್ಸ್’ ಚೆನ್ನೈಯ ತುಲಿಕಾ ಪ್ರಕಾಶನದ್ದು. ನೀನು ಹುಡುಗ ಎಂದು ಎಲ್ಲರೂ ಹೇಳುತ್ತಿದ್ದರೂ ತಾನು ಹುಡುಗಿ ಎಂದು ಬಲ್ಲ ಗುಠ್ಲಿಯನ್ನು ಮನೆಯವರು ಅರಿಯುವ ಕಥೆ. ಅಮೇಯ ನಾರ್ವಣಕರ್ ಅವರ ‘ರಿತು ವೆಡ್ಸ್ ಚಾಂದನಿ’ಯಲ್ಲಿ ವರಸೆಯಲ್ಲಿ ಅಕ್ಕನಾದ ರಿತು ಕುದುರೆಯೇರಿ ಚಾಂದನಿಯನ್ನು ಮದುವೆಯಾಗಲು ಹೋಗುವ ದಿಬ್ಬಣಕ್ಕೆ ಜನ ಅಡ್ಡಿ ಮಾಡಿದಾಗ ಪುಟ್ಟ ಆಯೇಷಾ ಕುಣಿದು ಮೆರವಣಿಗೆಗೆ ಜೀವ ತರುತ್ತಾಳೆ. ವಿವೇಕ್ ಶ್ರಾಯಾ ಅವರ ‘ದ ಬಾಯ್ ಆಂಡ್ ದ ಬಿಂದಿ’ಯ ಹುಡುಗನಿಗೆ ಅಮ್ಮನ ಹಣೆಯ ಬೊಟ್ಟಿನ ಮೇಲೆ ಆಸೆ, ಅಮ್ಮ ಗದರದೆ ಅವನಿಗೂ ಒಂದನ್ನು ಇಡುತ್ತಾಳೆ. ಇವುಗಳನ್ನು ಇಂಗ್ಲಿಷಿನಲ್ಲಿ ತೆರೆದಿಟ್ಟುಕೊಂಡು ತುಳುವಿನಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿ. ಮಕ್ಕಳು ಚಿತ್ರ ನೋಡುತ್ತ ಕೇಳುತ್ತಾರೆ. ಕನ್ನಡದ ಮಕ್ಕಳ ಸಾಹಿತಿಗಳಲ್ಲಿ ನನ್ನದೊಂದು ಬೇಡಿಕೆ: ನಮ್ಮ ಗದ್ದೆ, ತೋಡು, ಕೋಲ, ಕಂಬಳದ ನಡುವೆ ಬೆಳೆಯುವ ಒಬ್ಬ ಗುಠ್ಲಿಯನ್ನು ಕನ್ನಡದಲ್ಲೇ ಹುಟ್ಟಿಸಿಕೊಡಿ.

ಪುರಾಣ ಇಷ್ಟಪಡುವವರು ದೇವದತ್ತ ಪಟ್ಟನಾಯಕ್ ಅವರ ‘ದ ಪ್ರೆಗ್ನೆಂಟ್ ಕಿಂಗ್’ ಓದಲಿ. ರಾಣಿಯರಿಗೆಂದು ಮಂತ್ರಿಸಿಟ್ಟ ನೀರನ್ನು ತಾನೇ ಕುಡಿದು ಬಸಿರಾದ ಯುವನಾಶ್ವನ ಕಥೆ. ನಮ್ಮ ಶಿಖಂಡಿಯೂ ಅಲ್ಲಿದ್ದಾನೆ. ವಿಜ್ಞಾನ ಕಥೆ ಬೇಕೆನ್ನುವ ಮಣಿಪಾಲದ ವಿದ್ಯಾರ್ಥಿಗಳಿಗೆ ಉರ್ಸುಲಾ ಲೆ ಗ್ವಿನ್ 1969ರಲ್ಲಿ ಬರೆದ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’. ಗಂಡು, ಹೆಣ್ಣು ಎಂಬ ಶಾಶ್ವತ ಭೇದವೇ ಇಲ್ಲದ ಹಿಮದ ಗ್ರಹವೊಂದಕ್ಕೆ ನಮ್ಮಂಥವನೊಬ್ಬ ಹೋಗಿ, ತನ್ನ ತಲೆಯೊಳಗಿನ ಗೋಡೆಗಳನ್ನು ಒಂದೊಂದಾಗಿ ಕೆಡವಬೇಕಾಗುತ್ತದೆ.

ಪುಸ್ತಕ ಆರಿಸುವವರಿಗೆ ಒಂದು ಸೂಚನೆ. ಇಂಥ ಪಾತ್ರಗಳು ಕೊನೆಗೆ ಸಾಯುವ ಕಥೆಗಳನ್ನೇ ಕಪಾಟಿನಲ್ಲಿ ತುಂಬಬೇಡಿ. ಇ.ಎಂ. ಫಾರ್ಸ್ಟರ್ 1913-14ರಲ್ಲಿ ‘ಮಾರಿಸ್’ ಬರೆದಾಗ ಅದರ ಇಬ್ಬರು ಪ್ರೇಮಿಗಳೂ ಸುಖವಾಗಿ ಉಳಿಯಲೇಬೇಕೆಂದು ಹಟ ಹಿಡಿದರು. ಆ ಸುಖಾಂತ್ಯದಿಂದಾಗಿಯೇ ಆ ಕಾಲದ ಇಂಗ್ಲೆಂಡಿನಲ್ಲಿ ಅದನ್ನು ಅಚ್ಚುಹಾಕುವುದು ಇನ್ನಷ್ಟು ಕಷ್ಟವಾಯಿತು. ಲೇಖಕರು ತೀರಿಕೊಂಡ ಮೇಲೆ, 1971ರಲ್ಲಿ, ಅದು ಬೆಳಕು ಕಂಡಿತು. ದುಃಖದ ಕಥೆ ಓದಿ ನಮಗೆ ಕರುಣೆ ಹುಟ್ಟಬಹುದು. ಆದರೆ ಆ ಬದುಕನ್ನೇ ಬದುಕುತ್ತಿರುವ ಮಗುವಿಗೆ ಕರುಣೆಗಿಂತ ಹೆಚ್ಚಾಗಿ ಮುಂದೊಂದು ದಾರಿ ಇದೆ ಎಂಬ ಭರವಸೆ ಬೇಕು. ಬೆಟ್ಟ ಹತ್ತುವ ಮೋಹನಸ್ವಾಮಿಯನ್ನು ನಾನು ಮೊದಲು ಹೆಸರಿಸಿದ್ದು ಅದಕ್ಕಾಗಿಯೇ.

‘ಇಂಥದ್ದು ಓದಿದರೆ ಮಕ್ಕಳು ಹಾಗೆಯೇ ಆದಾರು’ ಎಂದು ಹೆದರುವ ಅಮ್ಮಂದಿರು, ಅಪ್ಪಂದಿರು ಇದ್ದಾರೆ. ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ ಹೆದರಿಕೆ ಅದು. ನಾನು ಅದನ್ನು ತಳ್ಳಿಹಾಕುವುದಿಲ್ಲ. ಅವರಿಗೆ ನನ್ನ ಉತ್ತರ ಇದು. ಸಲಿಂಗಪ್ರೇಮ ರೋಗವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ತನ್ನ ರೋಗಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದೆ. ಯಾರನ್ನು ಪ್ರೀತಿಸಬೇಕೆಂಬುದು ಪುಸ್ತಕದಿಂದ ಅಂಟುವ ಸಂಗತಿಯಲ್ಲ. ಹಾಗೆ ಅಂಟುವುದಾಗಿದ್ದರೆ, ಹುಟ್ಟಿದಂದಿನಿಂದ ಗಂಡುಹೆಣ್ಣಿನ ಪ್ರೇಮಕಥೆಗಳನ್ನಷ್ಟೇ ಕೇಳಿ ಬೆಳೆದವರಲ್ಲಿ ಮೋಹನಸ್ವಾಮಿ ಹುಟ್ಟುತ್ತಲೇ ಇರಲಿಲ್ಲ. ಓದಿನಿಂದ ಬದಲಾಗುವುದು ಹಂಗಿಸುವ ನಾಲಿಗೆ. ಕೋಟದ ಶಿವರಾಮ ಕಾರಂತರು 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬರೆದು, ಹಳ್ಳಿಯ ವಿಧವೆ ಅಜ್ಜಿಯೊಬ್ಬಳ ಬಾಯಿಯಲ್ಲಿ ಗಂಡುಹೆಣ್ಣಿನ ಸಂಬಂಧದ ಬಗ್ಗೆ ಮುಚ್ಚುಮರೆಯಿಲ್ಲದ ಮಾತು ಆಡಿಸಿದರು. ನಮ್ಮ ಕರಾವಳಿಯ ಓದುಗರಿಗೆ ಅಷ್ಟು ದೊಡ್ಡ ಮನಸ್ಸು ಆಗಲೇ ಇತ್ತು. ಈಗ ಅದು ಇನ್ನೂ ಒಂದಿಷ್ಟು ಹಿಗ್ಗಬೇಕು.

ಹಾಗಾದರೆ ಮಾಡಬೇಕಾದದ್ದೇನು? ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎಂದು ಕರೆಸಿಕೊಳ್ಳುವ ಜಾಗಕ್ಕೆ, ಹೋಗಿ ‘ಮೋಹನಸ್ವಾಮಿ’, ‘ಬದುಕು ಬಯಲು’, ‘ನಡುವೆ ಸುಳಿವ ಹೆಣ್ಣು’ ತರಿಸಿ ಎಂದು ನಿಮ್ಮ ಹೆಸರು ಹೇಳಿ ಕೇಳಿ. ಮದುವೆಯಾದವರು, ಮೊಮ್ಮಕ್ಕಳಿರುವವರು, ಊರಿನಲ್ಲಿ ನಾಲ್ಕು ಜನ ಮರ್ಯಾದೆ ಕೊಡುವವರು ಕೇಳಿ. ನಿಮ್ಮನ್ನು ಯಾರೂ ಅನುಮಾನಿಸುವುದಿಲ್ಲ. ಅನುಮಾನಿಸಿದರೂ ನಿಮಗೆ ನಷ್ಟವಿಲ್ಲ. ಪುಸ್ತಕ ಬಂದ ಮೇಲೆ ಬೀರುವಿನೊಳಗೆ ಇಟ್ಟು ಬೀಗ ಹಾಕದಂತೆ ನೋಡಿಕೊಳ್ಳಿ. ಕುವೆಂಪು, ಕಾರಂತ, ವೈದೇಹಿ ಇರುವ ಸಾಲಿನಲ್ಲೇ ಅದು ಇರಲಿ. ಅಲ್ಲೇ ನಿಂತು ಹತ್ತು ಪುಟ ಓದಿ ಹೋಗುವವರೂ ಇರುತ್ತಾರೆ, ಅವರನ್ನು ಏನು ಓದುತ್ತಿದ್ದೀ ಎಂದು ವಿಚಾರಿಸಬೇಡಿ. ಶಾಲೆಯ ಟೀಚರುಗಳು ಇವುಗಳಲ್ಲಿ ಒಂದನ್ನಾದರೂ ಈ ವರ್ಷ ಓದಿ ಮುಗಿಸಿ. ಆಮೇಲೆ ತರಗತಿಯಲ್ಲಿ ಒಬ್ಬನನ್ನು ಉಳಿದವರು ‘ಹೆಣ್ಣಿಗ’ ಎಂದಾಗ ನೀವು ಸುಮ್ಮನೆ ಇರಲಾರಿರಿ. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಒಂದು ಪುಸ್ತಕವನ್ನು ನೀವು ಓದಿ ಮೇಜಿನ ಮೇಲೆ ಬಿಡಿ. ಪಾಠ ಹೇಳಬೇಡಿ, ಪ್ರಶ್ನೆ ಕೇಳಬೇಡಿ. ‘ಚಂದ ಉಂಟು, ನಾನು ಓದಿದೆ’ ಎಂದರೆ ಸಾಕು. ಈ ಮನೆಯಲ್ಲಿ ಆ ವಿಷಯ ಮಾತಾಡಬಹುದು ಎಂದು ಮಕ್ಕಳಿಗೆ ತಿಳಿಯುತ್ತದೆ.

ಇದು ದೊಡ್ಡ ಹಣದ ಕೆಲಸವಲ್ಲ, ಸಭೆ ಸಮಾರಂಭವೂ ಬೇಕಾಗಿಲ್ಲ. ಈ ತಿಂಗಳು ‘ಮೋಹನಸ್ವಾಮಿ’ಯ ಒಂದು ಪ್ರತಿ ಕೊಂಡು, ಓದಿ, ನಿಮ್ಮೂರಿನ ಗ್ರಂಥಾಲಯಕ್ಕೆ ಕೊಡಿ. ಅದನ್ನು ಯಾರು ಓದಿದರೆಂದು ನಿಮಗೆ ಎಂದೂ ತಿಳಿಯಲಿಕ್ಕಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ. ತನ್ನ ಊರು ತನ್ನನ್ನೂ ಲೆಕ್ಕಕ್ಕೆ ಹಿಡಿದಿದೆ ಎಂಬುದು ಒಬ್ಬನಿಗೆ, ಒಬ್ಬಳಿಗೆ ಗೊತ್ತಾದರೆ ನೀವು ಕೊಟ್ಟ ಪುಸ್ತಕ ತನ್ನ ಕೆಲಸ ಮಾಡಿದಂತೆ.